ತೊಟ್ಟಿಯ ಬಳಿ ನಿದ್ದೆಹೋದ ಮಧ್ಯಾಹ್ನ

ಹೊಟ್ಟೆಯಲ್ಲಿ ಮಗುವಿಗೆ ಏಳು ತಿಂಗಳು ತುಂಬಿದಾಗ ರಜೆಗೆ ಮುಂಚಿನ ಕೊನೆಯ ಕೆಲಸವೊಂದು ಬಂತು. ಕಾರ್ಖಾನೆಗಳ ನೀರು ಎಷ್ಟು ಹುಳಿ, ಎಷ್ಟು ಉಪ್ಪು ಎಂದು ಅಳೆಯುವ ಮೀಟರುಗಳನ್ನು ಕೂರಿಸಿ ಕೊಡುವುದು ನನ್ನ ಉದ್ಯೋಗ. ಈ ಸಲ ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಗೆ ಹೋಗುವ ರಸ್ತೆಯಲ್ಲಿ, ತೆಂಗಿನಕಾಯಿ ಪುಡಿ ಮಾಡುವ ಫ್ಯಾಕ್ಟರಿ. ನಾನಾಗಲೇ ತುರುವೇಕೆರೆಯ ತವರಿಗೆ ಬಂದಿದ್ದೆ. ಎರಡು ಬಸ್ಸು ಹತ್ತಿದರೆ ಸಿಗುವ ಜಾಗ, ಒಪ್ಪಿಕೊಂಡೆ.

"ಈ ಹೊಟ್ಟೆ ಹೊತ್ಕೊಂಡು ತೊಟ್ಟಿ ಇಣುಕೋಕೆ ಹೋಗ್ತೀಯೇನೇ?" ಎಂದು ಅಮ್ಮ ಗೊಣಗಿದಳು. ಗೊಣಗುತ್ತಲೇ ಬುತ್ತಿ ಕಟ್ಟಿದಳು.

ಫ್ಯಾಕ್ಟರಿಯಲ್ಲಿ ಹೆಂಗಸರು ಕಾಯಿ ಒಡೆದು, ಕಂದು ಸಿಪ್ಪೆ ಹೆರೆಯುತ್ತಿದ್ದರು. ಎಳನೀರೂ ಅಲ್ಲದ, ಹುಳಿಯೂ ಪೂರ್ತಿ ಆಗದ ಆ ಕಾಯಿನೀರು ಕಾಲುವೆ ಹಿಡಿದು ಹಿತ್ತಲಿನ ಸಿಮೆಂಟು ತೊಟ್ಟಿ ಸೇರುತ್ತಿತ್ತು. ಅಲ್ಲಿ ಸುಣ್ಣದ ನೀರು ಬೆರೆಸಿ, ಹುಳಿ ಕಳೆದು, ತೋಟಕ್ಕೆ ಬಿಡುತ್ತಿದ್ದರು. ಹಳೆಯ ಮೀಟರು ಕೆಟ್ಟಿತ್ತು.

ಹೊಸ ಪೆಟ್ಟಿಗೆಯನ್ನು ಗೋಡೆಗೆ ಬಿಗಿದು, ನೀರಿಗಿಳಿಯುವ ಸೆನ್ಸರಿನ ತಂತಿ ಸಿಕ್ಕಿಸಿದೆ. ಪರದೆ ಬೆಳಗಿ ಮೊದಲು ಕೇಳಿದ್ದು, ಯಾವ ಭಾಷೆ? ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಅಳೆಯುವ ಜಾಗದ ಹೆಸರು ಕೇಳಿದಾಗ ಇಂಗ್ಲಿಷ್ ಅಕ್ಷರಗಳಲ್ಲೇ 'ತೊಟ್ಟಿ' ಎಂದು ಬರೆದೆ. ಈ ಅಳತೆಯಲ್ಲಿ ಏಳು ಎಂದರೆ ಶುದ್ಧ ನೀರು, ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಆಮೇಲೆ ಸೆನ್ಸರನ್ನು ಏಳರ ದ್ರಾವಣದಲ್ಲಿ, ತೊಳೆದು ನಾಲ್ಕರ ದ್ರಾವಣದಲ್ಲಿ ಅದ್ದಿ ಸರಿಹೊಂದಿಸಿದೆ. ಈ ಕೆಲಸದಲ್ಲಿ ನನಗಿಷ್ಟ ಈ ಕಾಯುವಿಕೆಯೇ. ಕೊನೆಯ ಅಂಕಿ ಮಿಡುಕಿ, ಮಿಡುಕಿ, ನಿಧಾನವಾಗಿ ನಿಲ್ಲುತ್ತದೆ. ನೋಡುತ್ತಿದ್ದರೆ ನನ್ನ ಉಸಿರೂ ನಿಧಾನವಾಗುತ್ತದೆ.

ಎಲ್ಲ ಸರಿಯಿತ್ತು. ಆದರೆ ತೊಟ್ಟಿಗೆ ಇಳಿಸಿದ ಸ್ವಲ್ಪ ಹೊತ್ತಿಗೇ ಆರರ ಸುಮಾರಿನಲ್ಲಿದ್ದ ಅಂಕಿ ಒಮ್ಮೆಲೇ ಹತ್ತರ ಹತ್ತಿರ ಜಿಗಿದು, ಮತ್ತೆ ಇಳಿಯಿತು.

"ಹೊಸಾ ಮೀಟ್ರೇ ಹಿಂಗಾಡಿದ್ರೆ ಹೆಂಗ್ರೀ ಮೇಡಂ?" ಎಂದರು ಸೂಪರ್‌ವೈಸರು.

ಮತ್ತೆ ಏಳರ ದ್ರಾವಣದಲ್ಲಿ ಅದ್ದಿದೆ, ಏಳೇ ತೋರಿಸಿತು. "ಸಂಜೆವರೆಗೂ ಕೂತು ನೋಡ್ತೀನಿ ಸಾರ್," ಎಂದೆ. ಅಂಕಿಗಳನ್ನು ಪೆಟ್ಟಿಗೆಯೇ ನೆನಪಿಟ್ಟುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಸುತ್ತ ಏನಾಯಿತೆಂದು ಅದಕ್ಕೆ ಗೊತ್ತಾಗದು. ಅದನ್ನು ಬರೆದುಕೊಳ್ಳಬೇಕಿತ್ತು.

ಸುಣ್ಣದ ಪಂಪು ನೋಡಿಕೊಳ್ಳಲು ಅಲ್ಲೊಬ್ಬ ಹೆಂಗಸಿದ್ದಳು. ಶೆಟ್ಟಿಕೆರೆಯವಳು, ನನ್ನಮ್ಮನ ವಯಸ್ಸಿನವಳು. ಹೆರೆಯುವಾಗ ಎಡಗೈ ಕುಯ್ದುಕೊಂಡಿದ್ದರಿಂದ ಅವಳಿಗೆ ಈ ಹಗುರ ಕೆಲಸ ಕೊಟ್ಟಿದ್ದರು. ತೆಂಗಿನ ಮರದ ನೆರಳಲ್ಲಿ ಗೋಣಿತಾಟು ಹಾಸಿಕೊಟ್ಟಳು.

"ಎಷ್ಟರಲ್ಲವ್ವಾ?"

"ಏಳು ತುಂಬ್ತು ಅಕ್ಕಾ. ಹತ್ತತ್ತು ನಿಮಿಷಕ್ಕೆ ಮೀಟ್ರು ನೋಡಿ, ಇಲ್ಲಿ ಏನೇನಾಯ್ತು ಅಂತ ಬರೀಬೇಕು."

"ಅಷ್ಟೇ ತಾನೇ? ಕಾಲು ಚಾಚ್ಕೊಂಡು ಕೂತ್ಕೋ."

ಊಟವಾಗಿತ್ತು. ಸಿಹಿಹುಳಿ ವಾಸನೆ, ತೊಟ್ಟಿಯ ಗುಳ್ಳೆಗಳ ಗುಳುಗುಳು, ಒಳಗಿಂದ ಹೆರೆಯುವ ಸದ್ದು. ಗರಿಗಳ ನೆರಳು ನನ್ನ ಹೊಟ್ಟೆಯ ಮೇಲೆ ಆಚೀಚೆ ಹರಿದಾಡುತ್ತಿತ್ತು. ಕಣ್ಣು ಯಾವಾಗ ಮುಚ್ಚಿತೋ ತಿಳಿಯದು.

ಕನಸಿನಲ್ಲಿ ನಮ್ಮ ಅಜ್ಜಿ ಅಟ್ಟದ ಮೇಲೆ ಕೂತು ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಒಳಗೆ ಕೊಬ್ಬರಿ ಒಣಗಿ ಗುಡುಗುಡು ಅಂದವನ್ನು ಒಂದು ಕಡೆ, ನೀರಿನ್ನೂ ಇರುವವನ್ನು ಇನ್ನೊಂದು ಕಡೆ ಇಡುತ್ತಿದ್ದಳು. ಕೊನೆಗೆ ಕೆಳಗಿಳಿದು ಬಂದು ನನ್ನ ಹೊಟ್ಟೆಗೆ ಕಿವಿಯಿಟ್ಟಳು. "ನೀರೈತೆ, ಇನ್ನೂ ಬುಡು," ಎಂದಳು. ಅಟ್ಟದ ತುಂಬ ಬೋರನಕಣಿವೆ ಜಲಾಶಯದ ನೀರಿನಂಥ ಬೆಳಕು.

ಎದ್ದಾಗ ಬಿಸಿಲು ವಾಲಿತ್ತು. ಗಾಬರಿಯಿಂದ, "ಅಯ್ಯೋ, ಎಬ್ಬಿಸ್ಬಾರ್ದಿತ್ತಾ ಅಕ್ಕಾ!" ಎಂದೆ.

"ಬಸುರೀನ ನಿದ್ದೇಲಿ ಎಬ್ಬುಸ್ತಾರಾ? ನಾನ್ ಬರ್ದಿವ್ನಿ, ನೋಡು," ಎಂದು ನನ್ನ ಪುಸ್ತಕ ಚಾಚಿದಳು.

ದುಂಡನೆಯ ಅಕ್ಷರಗಳು:

೨.೧೦ — ೬.೨. ಏನೂ ಇಲ್ಲ.
೨.೨೦ — ೬.೧. ಕಾಯಿ ಒಡೆಯೋರು ಟೀಗೆ ಹೋದರು.
೨.೩೦ — ೬.೩. ಮಗಳ ಹೊಟ್ಟೆ ಮೇಲೆ ನೊಣ ಕೂತಿತ್ತು, ಓಡಿಸಿದೆ.
೨.೪೦ — ೯.೮. ತಟ್ಟೆ ತೊಳೆದರು. ಸೋಡದ ನೀರು ಬಂತು.
೨.೫೦ — ೮.೯. ಮಗಳು ನಿದ್ದೇಲಿ ನಕ್ಕಳು.

ಮಗಳೆಂದರೆ ನಾನು. ತವರಿನವರಲ್ಲದ ಒಬ್ಬರು ನಾನು ನಕ್ಕದ್ದನ್ನೂ ಗಮನಿಸಿ ಬರೆದಿಟ್ಟಿದ್ದರು.

ಉತ್ತರವೂ ಅಲ್ಲೇ ಇತ್ತು. ಒಣಗಿಸುವ ತಟ್ಟೆಗಳನ್ನು ಕಾಸ್ಟಿಕ್ ಸೋಡಾ ಹಾಕಿ ತೊಳೆದ ನೀರು ಪಕ್ಕದ ಕೊಳವೆಯಿಂದ ನೇರವಾಗಿ ಸೆನ್ಸರಿನ ಮೇಲೇ ಬೀಳುತ್ತಿತ್ತು. ಮೀಟರು ನಿಜವನ್ನೇ ಹೇಳಿತ್ತು. ತಪ್ಪು ಜಾಗದಲ್ಲಿ ಇಳಿಸಿದವಳು ನಾನು. ಸೂಪರ್‌ವೈಸರಿಗೆ ತೋರಿಸಿ, ಸೆನ್ಸರನ್ನು ನೀರು ಚೆನ್ನಾಗಿ ಬೆರೆತ ಮೇಲೆ ಹಾಯುವ ಆಚೆ ತುದಿಗೆ ಸಾಗಿಸಿದೆವು. ಮುಂದಿನ ಸಲ ತಟ್ಟೆ ತೊಳೆದಾಗ ಅಂಕಿ ಮೆಲ್ಲಗೆ ಏರಿ, ಮೆಲ್ಲಗೆ ಇಳಿಯಿತು. "ಈಗ ಸರಿ ಹೋಯ್ತು ಬಿಡಿ," ಎಂದು ಅವರು ಸಹಿ ಹಾಕಿದರು.

ಸಂಜೆ ನಾವಿಬ್ಬರೂ ರಸ್ತೆಗೆ ಬಂದೆವು. ಶೆಟ್ಟಿಕೆರೆ ಕಡೆಯ ಬಸ್ಸು ಮೊದಲು ಬಂತು. ಅವಳು ಹತ್ತಲಿಲ್ಲ. ತಿಪಟೂರಿನ ಬಸ್ಸು ಬಂದಾಗ ನನ್ನ ಚೀಲವನ್ನು ತಾನೇ ಮೇಲಿಟ್ಟು, "ಬಸುರಿ ಹೆಂಗ್ಸು ಕಣಪ್ಪ, ಸೀಟು ಕೊಡ್ಸು," ಎಂದು ಕಂಡಕ್ಟರಿಗೆ ಕೂಗಿ ಹೇಳಿದಳು.

ನನ್ನ ಮಗಳು ದಿನ ತುಂಬಿಯೇ ಹುಟ್ಟಿದಳು. ಅವಳು ಕೂರಲು ಕಲಿತ ಮೇಲೆ ನಾನು ಕೆಲಸಕ್ಕೆ ಮರಳಿ ಆ ಫ್ಯಾಕ್ಟರಿಗೂ ಹೋದೆ. ಸೆನ್ಸರು ಆಚೆ ತುದಿಯಲ್ಲೇ ಇತ್ತು. ಪಂಪಿನ ಬಳಿ ಬೇರೆಯವರಿದ್ದರು. ಶೆಟ್ಟಿಕೆರೆಯವಳು ಕೆಲಸ ಬಿಟ್ಟು, ಊರಿನಲ್ಲೇ ಎರಡು ಹಸು ಕಟ್ಟಿಕೊಂಡಿದ್ದಾಳೆ ಎಂದರು. ಮೊಬೈಲಿನಲ್ಲಿದ್ದ ಮಗಳ ಫೋಟೊವನ್ನು ಸಿಪ್ಪೆ ಹೆರೆಯುವ ಹೆಂಗಸರು ಕೈ ಒರೆಸಿಕೊಂಡು ಒಬ್ಬೊಬ್ಬರಾಗಿ ನೋಡಿದರು.