ಪುಟ್ಟಿ ಮುಟ್ಟದ ಕೈ

ಮರಗೆಲಸದ ಶೆಡ್ಡಿನಲ್ಲಿ ಅವಳಿಗೆ ‘ಕೂದಲಕ್ಕ’ ಎಂದು ಹೆಸರು ಬಿದ್ದದ್ದು ಸೇರಿದ ವಾರದಲ್ಲೇ. ಮೇಸ್ತ್ರಿ ಮಾಡಿ ನಿಲ್ಲಿಸಿದ್ದ ಹೊಸ ಬೀರುವಿನ ಮುಂದೆ ನಿಂತು, ತನ್ನ ತಲೆಯಿಂದಲೇ ಒಂದು ಕೂದಲು ಕಿತ್ತು, ಬಾಗಿಲಿನ ಮೂಲೆಯ ಸಂದಿಯಲ್ಲಿ ತೂರಿಸಿ ಎಲ್ಲರಿಗೂ ತೋರಿಸಿದ್ದಳು.

“ಕೂದಲು ಹೋಯ್ತು ಮೇಸ್ತ್ರಿ. ನಾಳೆ ಇರುವೆ ಹೋಗತ್ತೆ, ನಾಡಿದ್ದು ಜಿರಲೆ ಸಂಸಾರ ಹೂಡತ್ತೆ.”

ನಲವತ್ತು ದಾಟಿದ ಹೆಂಗಸು, ಉಳಿಯನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಇನ್ನೂ ಗೊತ್ತಿಲ್ಲದವಳು, ಮೇಸ್ತ್ರಿಯ ಕೆಲಸಕ್ಕೆ ಮೂಗು ಮುರಿದಿದ್ದಳು. ಮೇಸ್ತ್ರಿ ಬೈಯಲಿಲ್ಲ. ಕಿಟಕಿಯ ಮೇಲಿದ್ದ ಡಬ್ಬಿ ತೆಗೆದು, ಬೆರಳಿನಲ್ಲಿ ಒಂದಿಷ್ಟು ಪುಟ್ಟಿ ಎತ್ತಿ ಸಂದಿಗೆ ಒರೆಸಿ, “ಈಗ ತೂರಿಸು ನೋಡೋಣ” ಎಂದು ನಕ್ಕ.

ಆ ಡಬ್ಬಿಯನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಳಗಿದ್ದದ್ದು ಗರಗಸದ ಕೆಳಗೆ ಉದುರಿದ ಮರದ ಪುಡಿ ಮತ್ತು ಅಂಟು, ಅಷ್ಟೇ. ಅದನ್ನು ಕಲಸಿ ಮೆತ್ತಿದರೆ ಆ ಶೆಡ್ಡಿನಲ್ಲಿ ಎಲ್ಲ ಪಾಪವೂ ಪರಿಹಾರ. ಗರಗಸ ದಾರಿ ತಪ್ಪಿತೇ, ಪುಟ್ಟಿ. ಉಳಿ ಜಾರಿತೇ, ಪುಟ್ಟಿ. ಮೇಲೆ ಪಾಲಿಷಿನವನು ಎರಡು ಕೈ ಹೊಡೆದರೆ ತಿಪ್ಪೆ ಸಾರಿಸಿದಂತೆ ಎಲ್ಲ ಚೊಕ್ಕಟ. ಪುಟ್ಟಿಗೂ ಬಗ್ಗದ ತಪ್ಪಾದರೆ ಮೇಸ್ತ್ರಿ ಮರದ ಮೇಲೆ ಹಾಕುತ್ತಿದ್ದ. ಡ್ರಾಯರ್ ಸಿಕ್ಕಿಕೊಂಡರೆ ಮರ ಹಿಗ್ಗಿದೆ, ಮೇಜಿನ ಕಾಲು ಗಿಡ್ಡವಾದರೆ ಮರ ಕುಗ್ಗಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲದ ಬದಲು ಮರ, ಅಷ್ಟೇ ವ್ಯತ್ಯಾಸ.

ಅವಳ ತಾತ್ಸಾರ ನಿನ್ನೆ ಮೊನ್ನೆಯದಲ್ಲ. ಅರ್ಧ ಆಯಸ್ಸನ್ನು ಒಂದು ಪೀಠೋಪಕರಣದ ಷೋರೂಮಿನಲ್ಲಿ ಸುಳ್ಳು ಹೇಳುತ್ತ ಕಳೆದವಳು ಅವಳು. ಅಲ್ಲಿ ಮಾರುತ್ತಿದ್ದದ್ದು ಒತ್ತಿದ ಹೊಟ್ಟಿನ ಹಲಗೆ. ಮೇಲೆ ಮರದ ಗೆರೆ ಅಚ್ಚು ಹಾಕಿದ ಕಾಗದ. ನೆಲ ಒರೆಸುವ ನೀರು ತಾಕಿದರೆ ನೆನೆದ ಬ್ರೆಡ್ಡಿನಂತೆ ಊದಿಕೊಳ್ಳುತ್ತಿತ್ತು. ಅಂಥದ್ದನ್ನು “ಮೊಮ್ಮಕ್ಕಳ ಕಾಲಕ್ಕೂ ಬರತ್ತೆ ಸರ್” ಎಂದು ನಗುನಗುತ್ತ ಮಾರುತ್ತಿದ್ದಳು. ಒಂದು ದಿನ ಒಬ್ಬ ಮುದುಕಿ ಮುರಿದ ಕಪಾಟಿನ ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. “ನೀವೇ ಜಾಸ್ತಿ ಭಾರ ಇಟ್ಟಿರ್ತೀರ ಅಜ್ಜಿ” ಎಂದು ಬಾಯಿಪಾಠ ಒಪ್ಪಿಸಿದಳು. ಅಜ್ಜಿ ಜಗಳವಾಡಲಿಲ್ಲ. “ನಂದೇ ತಪ್ಪಿರಬೇಕು ಬಿಡಮ್ಮ” ಎಂದು ಹಲಗೆ ಹೊತ್ತು ವಾಪಸು ಹೋದಳು. ಇವಳಿಗೆ ತನ್ನ ಬಾಯಿಯ ಮೇಲೇ ಅಸಹ್ಯ ಹುಟ್ಟಿತು. ತಿಂಗಳು ತುಂಬುವುದರೊಳಗೆ ಕೆಲಸ ಬಿಟ್ಟಳು.

“ಬಡಗಿ ಆಗ್ತೀಯಾ? ಆಗಮ್ಮ, ಆಗು” ಎಂದು ಷೋರೂಮಿನ ಯಜಮಾನ ಹಲ್ಲು ಕಿರಿದ. “ನಿನ್ ಕುರ್ಚಿ ಎಲ್ಲೂ ಹೋಗಲ್ಲ, ಇಲ್ಲೇ ಇರತ್ತೆ.”

ಆ ಕುರ್ಚಿಗೆ ಮರಳಬಾರದು ಎಂಬುದೊಂದೇ ಅವಳ ಹಟ. ಅದಕ್ಕೆ ಬೀರು ಕೆಲಸದ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಕೈಗೆ ಬರಬೇಕು. ಬಂದರೆ ತಂಗಿ ತನ್ನ ಮನೆಯ ಮುಂದಿನ ಕೋಣೆಯನ್ನು ಅಂಗಡಿಗೆ ಬಿಟ್ಟುಕೊಡುವುದಾಗಿ ಹೇಳಿದ್ದಳು. ಪಾಸಾಗುವುದಷ್ಟೇ ಸಾಲದು, ಪುಟ್ಟಿ ಮುಟ್ಟದ ಕೈಯಿಂದ ಪಾಸಾಗಬೇಕು ಎಂದು ಕೂದಲಕ್ಕ ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು.

ಕಲಿತಳು, ಅದರಲ್ಲಿ ಎರಡು ಮಾತಿಲ್ಲ. ಅಂಗೈ ಬೊಬ್ಬೆ ಎದ್ದು ಒಡೆದು ಗಟ್ಟಿಯಾಯಿತು. ಉಳಿಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ಮುಂಗೈಯ ರೋಮ ಬೋಳಿಸುವಷ್ಟು ಹರಿತ ಮಾಡುತ್ತಿದ್ದಳು. ಉಳಿದವರು ಮೂರು ಬಾಗಿಲು ಮುಗಿಸುವ ಹೊತ್ತಿಗೆ ಇವಳದು ಒಂದು. ಆದರೆ ಅದರ ಮೂಲೆಗಳಲ್ಲಿ ಕೂದಲು ತೂರುತ್ತಿರಲಿಲ್ಲ. ಅವರ ಬೆಂಚಿನ ಪಕ್ಕ ಹಾಯುವಾಗ ಸುಮ್ಮನೆ ಜಡೆ ಮುಟ್ಟಿಕೊಳ್ಳುತ್ತಿದ್ದಳು. ಪಾಲಿಷಿನವನಿಗೆ ಅಷ್ಟರಲ್ಲೇ ಮುಖ ಕೆಂಪಾಗುತ್ತಿತ್ತು.

ಪರೀಕ್ಷೆಗೆ ಒಂದೇ ಬಾಗಿಲಿನ ಪುಟ್ಟ ಬೀರು ಮಾಡಬೇಕಿತ್ತು. ನಾಲ್ಕು ಪಟ್ಟಿಗಳ ಚೌಕಟ್ಟು, ಅದರ ಒಳಬದಿಗೆ ತೋಡಿದ ಕಾಲುವೆಯಲ್ಲಿ ಕೂರುವ ಅಗಲದ ಹಲಗೆ. ಅವಳು ಹಲಗೆಯನ್ನು ಕಾಲುವೆಯ ಅಳತೆಗೆ ಸರಿಯಾಗಿ ಕೀಸಿ, ಸುತ್ತಲೂ ಅಂಟು ಬಳಿಯುತ್ತಿದ್ದಾಗ ಮೇಸ್ತ್ರಿ ಬಂದ.

“ಹಲಗೆಗೆ ಅಂಟು ಹಾಕ್ಬೇಡಮ್ಮ. ಒಳಗಡೆ ಸ್ವಲ್ಪ ಜಾಗ ಬಿಡು, ಅಲ್ಲಾಡ್ಲಿ. ಮರ ಹಿಗ್ಗತ್ತೆ.”

ಬಂತಪ್ಪ ಮರ ಹಿಗ್ಗುವ ಪುರಾಣ, ಎಂದುಕೊಂಡಳು. “ಅಲ್ಲಾಡೋ ಬಾಗಿಲು ನಿಮ್ಮ ಬೀರುಗಳಿಗೆ ಇರ್ಲಿ ಮೇಸ್ತ್ರಿ” ಎಂದು ಹಲಗೆಯನ್ನು ಬಡಿದು ಕೂರಿಸಿದಳು. ಮೇಸ್ತ್ರಿ ಹೆಗಲು ಕುಣಿಸಿ ಹೋದ. ದಿನವೂ ಸುಳ್ಳಿಗೆ ಬಳಸುತ್ತಿದ್ದ ಮಾತನ್ನು ಆ ಮನುಷ್ಯ ಅಪರೂಪಕ್ಕೆ ಒಮ್ಮೆ ನಿಜಕ್ಕೆ ಬಳಸಿದ್ದ. ಅದು ಅವಳಿಗೆ ತಿಳಿಯುವುದಾದರೂ ಹೇಗೆ?

ಬೀರು ಮುಗಿದು, ಪಾಲಿಷ್ ಒಣಗಿ, ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿತು. ಆಮೇಲೆ ಮೋಡ ಕವಿದ ಥಂಡಿ ಶುರುವಾಯಿತು. ಒಗೆದ ಬಟ್ಟೆ ಒಣಗದು, ಗೋಡೆಯಲ್ಲೆಲ್ಲ ತೇವ. ಪರೀಕ್ಷೆಯ ಹಿಂದಿನ ಸಂಜೆ, ಎಲ್ಲರೂ ಹೊರಟ ಮೇಲೆ, ಕೊನೆಯ ಸಲ ನೋಡಿ ಹೋಗೋಣವೆಂದು ಬಟ್ಟೆ ಸರಿಸಿದಳು. ಹಿಗ್ಗಲು ಎಡೆಯಿಲ್ಲದ ಹಲಗೆ ಚೌಕಟ್ಟನ್ನೇ ಒಳಗಿನಿಂದ ಒತ್ತಿ, ಮೇಲಿನ ಮೂಲೆಯನ್ನು ಬಿಚ್ಚಿಬಿಟ್ಟಿತ್ತು. ಕೂದಲ ಮಾತು ಹಾಗಿರಲಿ, ಆ ಬಿರುಕಿನಲ್ಲಿ ಉಗುರು ಹೋಗುತ್ತಿತ್ತು.

ಹೊಸ ಬಾಗಿಲಿಗೆ ಹೊತ್ತಿರಲಿಲ್ಲ. ಪರೀಕ್ಷೆಗೆ ಹೋಗದಿದ್ದರೆ ಮುಂದಿನ ವರ್ಷ. ಅಷ್ಟು ದಿನ ತಂಗಿಯ ಅನ್ನ ಉಣ್ಣಬೇಕು, ಇಲ್ಲವೇ ಆ ಕುರ್ಚಿ. ಅವಳು ಬಹಳ ಹೊತ್ತು ನಿಂತಿದ್ದಳು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಿಲ್ಲಲಿಲ್ಲ. ಕೈ ನೆಟ್ಟಗೆ ಕಿಟಕಿಯ ಮೇಲಿನ ಡಬ್ಬಿಗೆ ಹೋಯಿತು. ಇಷ್ಟು ದಿನ ಓರೆಗಣ್ಣಿನಲ್ಲಿ ನೋಡಿ ಹೀಯಾಳಿಸಿದ್ದ ಕೆಲಸ ಬೆರಳಿಗೆ ಒಂದೇ ಏಟಿಗೆ ಒಲಿಯಿತು. ಮೆತ್ತಿದಳು, ಉಜ್ಜಿದಳು, ಮರದ ಗೆರೆಯನ್ನು ಸಣ್ಣ ಕುಂಚದಲ್ಲಿ ಎಳೆದು ಮುಂದುವರಿಸಿದಳು, ಪಾಲಿಷ್ ಕೊಟ್ಟಳು. ಮೇಸ್ತ್ರಿಯೂ ಇಷ್ಟು ನಾಜೂಕಾಗಿ ಮಾಡಿದ್ದಿಲ್ಲ.

ಬೆಳಿಗ್ಗೆ ಪರೀಕ್ಷಕ ಬಂದ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಫೋನಿನಲ್ಲಿ ಮಾತಾಡುತ್ತಲೇ ಬಾಗಿಲು ತೆಗೆದ, ಮುಚ್ಚಿದ, ಬಿರುಕು ಮುಚ್ಚಿದ ಮೂಲೆಯ ಮೇಲೇ ಅಂಗೈ ಆಡಿಸಿದ. “ಭೇಷ್, ಜಾಯಿಂಟೇ ಕಾಣ್ತಿಲ್ವಲ್ಲ! ಎಲ್ಲರಿಗಿಂತ ಮೇಲು” ಎಂದು ಪಾಸು ಮಾಡಿ, ಮುಂದಿನ ಶೆಡ್ಡಿಗೆ ನಡೆದ. ಇಂಥ ಕುರುಡನ ಕೈಯಿಂದ ಪಾಸಾಗಲು ಚರ್ಮ ಸುಲಿಸಿಕೊಂಡೆನಲ್ಲ ಎಂದು ಅವಳಿಗೆ ಉಗಿಯುವಂತಾಯಿತು. ಅವನ ಮೇಲೋ, ತನ್ನ ಮೇಲೋ, ತಿಳಿಯಲಿಲ್ಲ.

ಮೇಸ್ತ್ರಿ ಬೀರುವಿನ ಹತ್ತಿರ ಬಂದು ಆ ಮೂಲೆಯನ್ನೇ ನೋಡುತ್ತ ನಿಂತ. ಅವಳು ತಲೆ ತಗ್ಗಿಸಿದಳು. ಬೈಯಲಿ, ನಾಲ್ಕು ಜನರ ಮುಂದೆ ಮುಖಕ್ಕೆ ಹೊಡೆದಂತೆ ಹೇಳಲಿ, ಕೇಳಿಸಿಕೊಂಡು ಹಗುರಾಗುತ್ತೇನೆ ಎಂದು ಕಾದಳು.

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಅವಳನ್ನು ಅಕ್ಕರೆಯಿಂದ ನೋಡಿದ.

“ಹೆದರ್ಕೋಬೇಡಮ್ಮ, ನಾವ್ಯಾರೂ ಬಾಯಿ ಬಿಡಲ್ಲ” ಎಂದ. “ನೀನು ನಮ್ಮೋಳಲ್ಲ ಅಂತ ಇಷ್ಟು ದಿನ ಬೇಜಾರಿತ್ತು. ಇವತ್ತು ನಮ್ಮೋಳಾದೆ.”

ಪಾಲಿಷಿನವನು ಬೆಂಚಿನ ಮೇಲಿನ ಹೊಟ್ಟನ್ನು ಕೈಯಿಂದ ಸರಿಸಿ ಅವಳು ಕೂರಲು ಜಾಗ ಮಾಡಿದ. ಅವಳು ಹೋಗಿ ಅವರ ನಡುವೆ ಕೂತಳು.