ಎರಡು ಬಾರಿ ಬಂದ ಏಳನೇ ತಿಂಗಳು

ಮನೆಯಲ್ಲಿ ಹಿರಿಯರು ಯಾರಿದ್ದಾರೆ ಎಂದು ಕೇಳಿದ್ದಕ್ಕೆ, ಬಾಗಿಲು ತೆರೆದ ಹುಡುಗಿ ಅಡುಗೆಮನೆಯ ಗೋಡೆಗೆ ತಗುಲಿಹಾಕಿದ್ದ ಫೋನನ್ನು ತೋರಿಸಿದಳು. ‘ಅದ್ರಲ್ಲಿದಾರೆ,’ ಎಂದಳು.

ಅದು ೨೦೦೫ರ ಸೆಪ್ಟೆಂಬರ್. ಸಿಯಾಟಲ್‌ನಿಂದ ತೇಲುವ ಸೇತುವೆ ದಾಟಿದರೆ ಸಿಗುವ ಬೆಲ್ವ್ಯೂ ಎಂಬ ಊರು. ಐದು ಕೋಣೆಗಳ ಮನೆ, ಮೂರು ಕಾರು ಹಿಡಿಸುವ ಗ್ಯಾರೇಜು, ಅದರಲ್ಲಿ ಒಂದೇ ಕಾರು. ಮಳವಳ್ಳಿಯಿಂದ ಎರಡು ಸೂಟ್‌ಕೇಸ್ ಹೊತ್ತು ಬಂದ ನಾನು ಹೊಸ್ತಿಲಲ್ಲೇ ನಿಂತಿದ್ದೆ. ಆ ಹುಡುಗಿಗೆ ಹತ್ತೊಂಬತ್ತು ವರ್ಷವಿರಬಹುದು. ಅವಳ ಕೈಯಲ್ಲಿ ದಪ್ಪ ಕೊಳವೆ ಚುಚ್ಚಿದ ಟೀ ಲೋಟ, ಅದರ ತಳದಲ್ಲಿ ಕಪ್ಪು ಗೋಲಿಗಳು. ಬೋಬಾ ಎನ್ನುತ್ತಾರೆ. ಬಾಯಿಗಿಟ್ಟ ಮೇಲೆ ತಿಳಿಯಿತು, ನಮ್ಮ ಸಬ್ಬಕ್ಕಿಯ ಸೋದರ ಸಂಬಂಧಿ. ಹೊಸ ದೇಶದಲ್ಲಿ ನನಗೆ ಪರಿಚಯವಾದ ಮೊದಲ ನೆಂಟ ಅದೇ.

ಹುಡುಗಿಯ ಹೆಸರು ಆನಿ ಲಿನ್. ಅವಳ ಅಪ್ಪ ಈ ದೇಶದಲ್ಲಿ ಓದುತ್ತಿದ್ದಾಗ ಹುಟ್ಟಿದವಳು, ಹಾಗಾಗಿ ಅಮೆರಿಕನ್. ಮಗುವಾಗಿದ್ದಾಗಲೇ ತೈವಾನಿಗೆ ಹೋಗಿ ಅಲ್ಲಿನ ತೈಚುಂಗ್ ಎಂಬ ಊರಿನಲ್ಲಿ ಬೆಳೆದಳು, ಹಾಗಾಗಿ ತೈವಾನಿನವಳು. ಹನ್ನೆರಡನೇ ವಯಸ್ಸಿಗೆ ಅವಳನ್ನೂ ಅವಳಿಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣನನ್ನೂ ಒಳ್ಳೆಯ ಶಾಲೆಗೆಂದು ಮತ್ತೆ ಇಲ್ಲಿಗೆ ಕಳಿಸಿದರು. ಅಪ್ಪ ಅಮ್ಮ ಅಲ್ಲೇ ಉಳಿದರು, ಯಂತ್ರದ ಬಿಡಿಭಾಗಗಳ ವ್ಯಾಪಾರ ಬಿಟ್ಟು ಬರುವಂತಿರಲಿಲ್ಲ. ಇಂಥವರನ್ನು ಇಲ್ಲಿ ಪ್ಯಾರಾಶೂಟ್ ಮಕ್ಕಳು ಎನ್ನುತ್ತಾರೆ. ಆಕಾಶದಿಂದ ಇಳಿಸಿ ಹೋದ ಮಕ್ಕಳು. ಮೊದಲ ವರ್ಷ ಅಡುಗೆಗೆ ಒಬ್ಬ ಹೆಂಗಸು ಬರುತ್ತಿದ್ದಳಂತೆ, ಆಮೇಲೆ ಅದೂ ಇಲ್ಲ. ಅಣ್ಣ ಕೆಲಸ ಸಿಕ್ಕಿ ಟೆಕ್ಸಾಸಿಗೆ ಹೋದ ಮೇಲೆ ಆನಿ ಒಬ್ಬಳೇ.

ನಮ್ಮಲ್ಲೂ ಓದಿಗೆಂದು ಮಕ್ಕಳನ್ನು ಬೇರೆ ಊರಿಗೆ ಕಳಿಸುತ್ತಾರೆ. ಆದರೆ ಚಿಕ್ಕಮ್ಮನ ಮನೆಗೋ ಹಾಸ್ಟೆಲ್ಲಿಗೋ, ಅಂದರೆ ಬೈಯುವವರು ಯಾರಾದರೂ ಇರುವ ಜಾಗಕ್ಕೆ. ಇಲ್ಲಿ ಮನೆಯನ್ನು ಕೊಟ್ಟು ಬೈಯುವವರನ್ನು ಮರೆತುಬಿಟ್ಟಿದ್ದರು.

ಆ ಕೊರತೆ ತುಂಬಲೆಂದೇ ನನ್ನನ್ನು ಬಾಡಿಗೆಗೆ ಇಟ್ಟುಕೊಂಡದ್ದು. ಆನಿಯ ಅಮ್ಮ ಫೋನಿನಲ್ಲೇ ನನ್ನ ಸಂದರ್ಶನ ಮಾಡಿದ್ದರು. ಅಡುಗೆ ಬರುತ್ತದೆಯೇ, ಎಷ್ಟು ಹೊತ್ತಿಗೆ ಮಲಗುತ್ತೀಯ, ಕ್ಲಾಸಿನಲ್ಲಿ ಎಷ್ಟನೆಯವಳು. ನೀರು ಶುದ್ಧೀಕರಣದ ಎಂಜಿನಿಯರಿಂಗ್ ಓದಲು ಬಂದವಳು ಎಂದ ಕೂಡಲೇ ಒಪ್ಪಿದರು. ಭಾರತದ ಹುಡುಗಿಯರು ಓದಿನಲ್ಲಿ ಗಟ್ಟಿ, ಆ ಗಾಳಿ ತನ್ನ ಮಗಳಿಗೂ ತಾಗಲಿ ಎಂಬ ಲೆಕ್ಕ. ಪ್ರತಿ ಭಾನುವಾರ ಫೋನು. ಮೊದಲ ಪ್ರಶ್ನೆ ಯಾವಾಗಲೂ ಊಟ ಆಯಿತೇ ಎಂಬುದು. ಅವರಲ್ಲೂ ಮಾತು ಶುರುಮಾಡುವುದು ನಮ್ಮ ಹಾಗೇ. ಎರಡನೆಯ ಪ್ರಶ್ನೆ, ಆನಿ ಓದುತ್ತಿದ್ದಾಳೆಯೇ. ಅದಕ್ಕೆ ಅವಳನ್ನೇ ಕೇಳಿ ಎಂದು ಫೋನು ದಾಟಿಸುತ್ತಿದ್ದೆ. ಅಮ್ಮ ಚೀನಿ ಭಾಷೆಯಲ್ಲಿ ಕೇಳುತ್ತಿದ್ದರು, ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು.

ಪಿಯುಸಿಯಿಂದಲೂ ನಾನು ದಿನಚರಿ ಬರೆಯುವವಳು. ಮಳೆ ಬಂದ ದಿನಕ್ಕೊಂದು ಸೊನ್ನೆ, ಮನೆಯ ಪತ್ರ ಬಂದ ದಿನಕ್ಕೊಂದು ಚುಕ್ಕೆ. ಆ ಚಳಿಗಾಲದ ಪುಟಗಳ ತುಂಬ ಸೊನ್ನೆಗಳೇ. ಅವುಗಳ ನಡುವೆ ಆನಿಯ ದಿನಗಳೂ ಬಂದು ಕೂತವು. ಟೀ ಕೊಳವೆಗೆ ಸುತ್ತಿ ಬರುವ ಕಾಗದ ಮಡಚಿ ಪುಟ್ಟ ನಕ್ಷತ್ರ ಮಾಡಿ ಜಾಮ್ ಬಾಟಲಿಗೆ ತುಂಬುತ್ತಿದ್ದಳು. ಕಂಪ್ಯೂಟರಿನಲ್ಲಿ ಮುಖ ಕಾಣದ ಗೆಳೆಯರ ಜೊತೆ ಕೋಟೆ ಕಾಯುವ ಆಟ. ತನ್ನ ಬ್ಲಾಗಿನ ಬಣ್ಣ ಬದಲಿಸುವುದು, ಏನೂ ಬರೆಯದೆ ಮುಚ್ಚುವುದು. ಎವರೆಟ್ ಎಂಬ ಊರಿಗೆ ಕಾರು ಓಡಿಸಿಕೊಂಡು ಹೋಗಿ, ಅಲ್ಲಿನ ಕಾರ್ಖಾನೆಯಿಂದ ಹೊರಬಂದ ಹೊಸ ವಿಮಾನಗಳು ಮೊದಲ ಸಲ ಹಾರುವುದನ್ನು ಬೇಲಿಯಾಚೆ ನಿಂತು ನೋಡುವುದು. ಮೊದಮೊದಲು ಇದೆಲ್ಲ ದುಡ್ಡಿದ್ದವರ ಸೋಮಾರಿತನ ಎಂದುಕೊಂಡಿದ್ದೆ. ಕ್ರಿಸ್ಮಸ್ ರಜೆಯಲ್ಲಿ ಹಳೆಯ ಪುಟ ತಿರುವಿದಾಗ ಬೇರೆಯೇ ಕಾಣಿಸಿತು. ಭಾನುವಾರದ ಫೋನು ಉದ್ದವಾದಷ್ಟೂ ಅವಳು ಸೋಮವಾರ ಕ್ಲಾಸಿಗೆ ಹೋದದ್ದು ಕಡಿಮೆ.

ಜನವರಿಯಲ್ಲಿ ನನ್ನ ಅಜ್ಜಿ ತೀರಿಕೊಂಡಳು. ಊರಿಗೆ ಹೋಗುವಂತಿರಲಿಲ್ಲ. ಆನಿ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಸ್ನೊಕ್ವಾಲ್ಮಿಯ ಜಲಪಾತದವರೆಗೆ ಹೋದಳು. ನಾವು ಕೆಳಗಿಳಿಯಲಿಲ್ಲ. ಗಾಜಿನ ಮೇಲೆ ಹನಿ ಸುರಿಯುತ್ತಿತ್ತು.

‘ನಮ್ಮಜ್ಜ ಹೋದಾಗ ನಂಗೆ ಎಕ್ಸಾಮ್ ಇತ್ತು,’ ಎಂದಳು. ‘ಎಕ್ಸಾಮ್ ಮುಗಿದ್ಮೇಲೆ ಹೇಳಿದ್ರು. ಒಳ್ಳೆ ಮಾರ್ಕ್ಸ್ ಬಂದಿತ್ತು.’

ಆ ಜಲಪಾತದ ಊರಿನಲ್ಲೇ, ಗುಡ್ಡದ ಮೇಲಿನ ಹೊಸ ಬಡಾವಣೆಯಲ್ಲಿ ಸುಧಕ್ಕ ಇದ್ದರು, ಮೈಸೂರಿನವರು. ತಿಂಗಳಿಗೊಮ್ಮೆ ರಾಗಿಹಿಟ್ಟಿಗಾಗಿ ಅವರ ಮನೆಗೆ ಹೋಗುತ್ತಿದ್ದೆ. ‘ಏನೇ, ಚೈನಾದೋರ ಮನೇಲಿ ಕಪ್ಪೆ ಹುರ್ಕೊಂಡು ತಿಂತಿದೀಯಾ?’ ಎಂದು ಪ್ರತಿ ಸಲವೂ ರೇಗಿಸುವರು. ತೈವಾನ್ ಎಂದು ನಾನು ತಿದ್ದಿದರೆ, ಎರಡೂ ಒಂದೇ ಬಿಡು ಎನ್ನುವರು. ಅಷ್ಟರಲ್ಲಿ ಮಗನಿಗೆ ಕನ್ನಡದಲ್ಲಿ ಊಟಕ್ಕೆ ಕರೆಯುವರು, ಅವನು ಮಹಡಿಯಿಂದ ಇಂಗ್ಲಿಷಿನಲ್ಲಿ ಹಸಿವಿಲ್ಲ ಎಂದು ಕೂಗುವನು. ಆಗೆಲ್ಲ ನನಗೆ ಆ ಗೋಡೆಯ ಫೋನು ನೆನಪಾಗುತ್ತಿತ್ತು.

ಬೇಸಿಗೆಯ ಹೊತ್ತಿಗೆ ಆನಿ ಎರಡು ವಿಷಯಗಳಲ್ಲಿ ಫೇಲಾದಳು. ಚಳಿಗಾಲದ ಪರೀಕ್ಷೆಯೊಳಗೆ ಸುಧಾರಿಸಿಕೊಳ್ಳದಿದ್ದರೆ ಹೆಸರು ತೆಗೆಯುವುದಾಗಿ ಕಾಲೇಜು ಎಚ್ಚರಿಸಿತು. ಮುಚ್ಚಿಡದೆ ಆ ಭಾನುವಾರ ಅವಳೇ ಅಮ್ಮನಿಗೆ ಹೇಳಿದಳು. ಆಗಸ್ಟ್ ಮೊದಲ ವಾರ ಅಮ್ಮ ವಿಮಾನ ಇಳಿದರು. ಮನೆ ಮಾರುವುದು, ತಿಂಗಳ ಕೊನೆಗೆ ಮಗಳನ್ನು ಕರೆದುಕೊಂಡು ಹೋಗುವುದು, ಇಷ್ಟು ತೀರ್ಮಾನವಾಗಿತ್ತು. ಎರಡು ಟಿಕೆಟ್ ಆಗಿತ್ತು.

ಆನಿ ಜಗಳವಾಡಲಿಲ್ಲ. ನನ್ನ ಕೋಣೆಗೆ ಬಂದು ಮಂಚದ ಅಂಚಿನಲ್ಲಿ ಕೂತಳು. ‘ಅಲ್ಲಿ ನಾನು ಬಸ್ ಬೋರ್ಡ್ ಓದ್ತೀನಿ ಸವಿ, ಪೇಪರ್ ಓದೋಕೆ ಬರಲ್ಲ. ಆರನೇ ಕ್ಲಾಸ್‌ಗೇ ನಿಂತಿದೀನಿ. ಇಪ್ಪತ್ತು ವರ್ಷದೋಳು ಆರನೇ ಕ್ಲಾಸ್ ಅಂದ್ರೆ ಎಲ್ಲಿ ಸೇರಿಸ್ಕೋತಾರೆ?’

ಅಮ್ಮ ಬಂದದ್ದು ಅವರ ಪಂಚಾಂಗದ ಏಳನೇ ತಿಂಗಳಲ್ಲಿ. ಆ ತಿಂಗಳು ಪಾತಾಳದ ಬಾಗಿಲು ತೆರೆದು ಸತ್ತವರು ಭೂಮಿಗೆ ಬರುತ್ತಾರಂತೆ. ನಮ್ಮ ಆಷಾಢದ ಹಾಗೆ ಮದುವೆಯಿಲ್ಲ, ಮನೆ ಬದಲಿಸುವುದಿಲ್ಲ, ಮಾರುವುದೂ ಇಲ್ಲ. ಹಾಗಾಗಿ ಏಜೆಂಟನೊಂದಿಗೆ ಮಾತಾಡಿಟ್ಟು, ತಿಂಗಳು ಮುಗಿಯುವುದನ್ನು ಕಾಯಬೇಕಿತ್ತು.

ತಿಂಗಳ ನಡುವಿನ ಹುಣ್ಣಿಮೆಗೆ ಅಮ್ಮ ಗ್ಯಾರೇಜಿನ ಮುಂದೆ ಮಡಚುವ ಮೇಜು ಹಾಕಿದರು. ಬೇಯಿಸಿದ ಕೋಳಿ, ಕಿತ್ತಳೆ, ನೂಡಲ್ಸ್ ಪೊಟ್ಟಣ, ಬಿಸ್ಕತ್ತು, ಪುಟ್ಟ ಬಟ್ಟಲುಗಳಲ್ಲಿ ಮದ್ಯ. ಒಂದೊಂದಕ್ಕೂ ಒಂದೊಂದು ಊದುಬತ್ತಿ. ಪಕ್ಕದಲ್ಲಿ ಬೇಸಿನ್ನಿನ ತುಂಬ ನೀರು, ಮುಖ ಒರೆಸಲು ಹೊಸ ಟವೆಲು. ಎದುರುಮನೆಯ ಮುದುಕ ನಾಯಿ ಹಿಡಿದುಕೊಂಡು ಬಂದವನು ಹಳೆ ಸಾಮಾನಿನ ಮಾರಾಟವೆಂದು ತಿಳಿದು, ಟವೆಲು ಎಷ್ಟು ಎಂದು ಕೇಳಿದ. ಅಮ್ಮ ಗಂಭೀರವಾಗಿ, ಇದು ಬೇರೆಯವರಿಗೆ, ಎಂದರು. ಆಮೇಲೆ ಯಾವುದೋ ಫೋನು ಬಂದು ಮಹಡಿಗೆ ಹೋದರು.

ಇಲ್ಲಿ ಆಗಸ್ಟಿನಲ್ಲಿ ಮಳೆ ಅಪರೂಪ. ವಾರಗಟ್ಟಲೆ ನನ್ನ ದಿನಚರಿಯಲ್ಲಿ ಒಂದೂ ಸೊನ್ನೆ ಬಿದ್ದಿರಲಿಲ್ಲ. ಆ ಮಧ್ಯಾಹ್ನ ಹನಿಯಿತು. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ ಮನೆಯಲ್ಲಿ ಬೆಳೆದವಳು ನಾನು. ಮೊದಲ ಹನಿ ಬಿದ್ದರೆ ಕಾಲು ತಾನಾಗಿ ಓಡುತ್ತದೆ, ತಲೆಯನ್ನು ಕೇಳುವುದಿಲ್ಲ. ತಟ್ಟೆಗಳನ್ನು ಒಂದೊಂದಾಗಿ ಎತ್ತಿ ತಂದು ಊಟದ ಮೇಜಿನ ಮೇಲಿಟ್ಟೆ. ಉರಿಯುತ್ತಿದ್ದ ಊದುಬತ್ತಿ ಆರದ ಹಾಗೆ ಕೈ ಅಡ್ಡ ಹಿಡಿದು ತಂದೆ. ಕೊನೆಗೆ ನೀರು ಚೆಲ್ಲದಂತೆ ಬೇಸಿನ್ನೂ ತಂದೆ. ಒಳ್ಳೆಯ ಕೆಲಸ ಮಾಡಿದೆ ಎಂಬ ಸಂತೋಷದಲ್ಲಿ ಉಸಿರು ಬಿಡುತ್ತಿದ್ದಾಗ ಅಮ್ಮ ಮೆಟ್ಟಿಲಿಳಿದು ಬಂದರು. ಮೇಜು ನೋಡಿ ಅಲ್ಲೇ ನಿಂತರು. ತಗ್ಗಿದ ದನಿಯಲ್ಲಿ ಏನೋ ಹೇಳಿದರು.

ಆನಿ ನನಗೆ ವಿವರಿಸಿದಳು. ಆ ಊಟ ಮನೆಯ ಹಿರಿಯರಿಗಲ್ಲ. ದಿಕ್ಕಿಲ್ಲದೆ ಅಲೆಯುವವರಿಗೆ, ಎಡೆ ಇಡುವ ಮಕ್ಕಳಿಲ್ಲದವರಿಗೆ. ಹೆದರಿಕೆಗೂ ಮರ್ಯಾದೆಗೂ ಅವರನ್ನು ‘ಒಳ್ಳೆಯ ಅಣ್ಣತಮ್ಮಂದಿರು’ ಎನ್ನುತ್ತಾರೆ. ಹೊಸ್ತಿಲಾಚೆಯೇ ಉಣಿಸಿ, ಕೈಮುಗಿದು ಕಳಿಸಿಬಿಡಬೇಕು. ನಾನು ಊದುಬತ್ತಿ ಹಿಡಿದು ಅವರೆಲ್ಲರನ್ನೂ ಒಳಗೆ ಕರೆತಂದಿದ್ದೆ.

ನಮ್ಮಲ್ಲಿ ಎಡೆ ಇಡುವುದೇ ಒಳಗೆ, ಬರುವವರು ನಮ್ಮವರೇ, ಗೊತ್ತಾಗಲಿಲ್ಲ ಎಂದು ಕೈಮುಗಿದೆ. ಅಮ್ಮ ನನ್ನನ್ನು ಬೈಯಲಿಲ್ಲ. ಬಂದವರು ಇನ್ನು ಸುಲಭಕ್ಕೆ ಹೋಗುವುದಿಲ್ಲ, ದಿಕ್ಕಿಲ್ಲದವರನ್ನು ಇಟ್ಟುಕೊಂಡ ಮನೆ ಏನಾದೀತು ಎಂದು ಮಗಳ ಕಡೆ ತಿರುಗಿ ಕೇಳಿದರು. ಆನಿ ಇಂಗ್ಲಿಷಿನಲ್ಲಿ, ನಿಧಾನವಾಗಿ ಉತ್ತರಿಸಿದಳು.

‘ಏನೂ ಆಗಲ್ಲಮ್ಮ. ಎಂಟು ವರ್ಷದಿಂದ ಈ ಮನೇಲಿ ಅಂಥೋರೇ ಇರೋದು. ನೀವೇ ತಂದು ಬಿಟ್ಟು ಹೋಗಿದ್ರಿ, ಇಬ್ಬರನ್ನ.’

ಊದುಬತ್ತಿಯ ಬೂದಿ ಕಿತ್ತಳೆಯ ಮೇಲೆ ಉದುರಿತು. ಅಮ್ಮ ಅದನ್ನು ಬೆರಳಿನಿಂದ ಒರೆಸಿದರು. ಅಡುಗೆಮನೆಗೆ ಹೋಗಿ ಪೀಚ್ ಹಣ್ಣು ಹೆಚ್ಚತೊಡಗಿದರು. ಆ ಮನೆಯಲ್ಲಿ ಸಮಾಧಾನವೆಂದರೆ ಅದೇ ಎಂದು ಅವರು ಬಂದ ಎರಡು ದಿನದಲ್ಲೇ ಕಂಡುಕೊಂಡಿದ್ದೆ. ಕ್ಷಮಿಸು ಎನ್ನುವ ಬದಲು ಸಿಪ್ಪೆ ತೆಗೆದ ಹಣ್ಣನ್ನು ಬಾಗಿಲ ಬಳಿ ಇಟ್ಟುಹೋಗುವರು. ಆ ದಿನ ಆನಿಗೊಂದು ತಟ್ಟೆ, ನನಗೊಂದು ತಟ್ಟೆ, ಯಾರೂ ಕೂರದ ಕುರ್ಚಿಯ ಮುಂದೆ ಇನ್ನೊಂದು ತಟ್ಟೆ.

ಕೆಲವು ದಿನ ಕಳೆದು ಅಮ್ಮ ಕೆಂಪು ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿ ಬೆರಳಿಟ್ಟು ತೋರಿಸಿದರು. ನಮ್ಮಲ್ಲಿ ಅಧಿಕ ಮಾಸ ಬರುವ ಹಾಗೆ ಆ ವರ್ಷ ಅವರಿಗೆ ಏಳನೇ ತಿಂಗಳು ಎರಡು ಸಲ ಬಂದಿತ್ತು. ಮಾರಾಟ ಮುಂದಕ್ಕೆ, ಟಿಕೆಟ್ ಮುಂದಕ್ಕೆ. ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಲೆಕ್ಕ ಇಡುತ್ತಾರಲ್ಲ ಎಂದು ಆನಿ ಕೆಣಕಿದಳು. ಅಮ್ಮ ಕ್ಯಾಲೆಂಡರ್ ಮಡಚಿದರು. ‘ನಮ್ಮ ಮನೇಲಿ ಎರಡೂ,’ ಎಂದರು.

ಆ ಎರಡನೇ ತಿಂಗಳು ಸುಖದ್ದೇನಲ್ಲ. ಮಗಳು ಮಧ್ಯಾಹ್ನದವರೆಗೆ ಮಲಗುವುದನ್ನು ಅಮ್ಮ ಕಣ್ಣಾರೆ ಕಂಡರು. ಕಂಪ್ಯೂಟರಿನ ವೈರು ಕಿತ್ತರು, ಮಗಳು ಮತ್ತೆ ಸಿಕ್ಕಿಸಿದಳು. ಊಟದ ಮೇಜಿನಲ್ಲಿ ಎರಡು ಭಾಷೆಗಳ ಜಗಳ ನಡೆಯುವಾಗ ನಾನು ಅನ್ನದ ಬಟ್ಟಲು ನೋಡುತ್ತ ಕೂರುತ್ತಿದ್ದೆ. ಆದರೆ ಒಂದು ಸಂಜೆ ಬಸ್ಸಿಳಿದು ಬಂದಾಗ ತಾಯಿ ಮಗಳಿಬ್ಬರೂ ಮೆಟ್ಟಿಲ ಮೇಲೆ ಕೂತು ಕಾಗದದ ನಕ್ಷತ್ರ ಮಡಚುತ್ತಿದ್ದರು. ಈ ಮಡಿಕೆಯನ್ನು ಮಗಳಿಗೆ ಐದನೇ ವಯಸ್ಸಿನಲ್ಲಿ ಕಲಿಸಿದ್ದು ತಾನೇ ಎಂದು ಅಮ್ಮ ನನಗೆ ಹೆಮ್ಮೆಯಿಂದ ತಿಳಿಸಿದರು. ಎವರೆಟ್‌ಗೂ ಜೊತೆಯಲ್ಲಿ ಹೋಗಿ ಬಂದರು. ವಿಮಾನ ಏರುವುದನ್ನು ನೋಡಿ ಅಮ್ಮ ಅತ್ತರಂತೆ.

ತಿಂಗಳ ಕೊನೆಯ ದಿನ ಮತ್ತೆ ಮೇಜು ಹಾಕಿದರು. ಒಳಗೆ ತಂದವಳು ನೀನು, ಹೊರಗೆ ಕಳಿಸುವವಳೂ ನೀನೇ ಎಂದು ಅಮ್ಮ ಬೇಸಿನ್ನನ್ನು ನನ್ನ ಕೈಗಿತ್ತರು. ಎಲ್ಲ ಮುಗಿದ ಮೇಲೆ, ನನ್ನ ಎದುರಿಗೇ, ಬೇಕೆಂದೇ ಇಂಗ್ಲಿಷಿನಲ್ಲಿ, ಮಗಳಿಗೆ ಹೇಳಿದರು.

‘ಮನೆ ಮಾರ್ತೀನಿ. ಇಷ್ಟು ದೊಡ್ಡ ಮನೆ ಒಬ್ಬಳಿಗೆ ತಪ್ಪು. ನೀನು ಬಂದ್ರೆ ಬಾ. ಬರದಿದ್ರೆ, ಪ್ರತಿ ಏಳನೇ ತಿಂಗಳು ನಾನೇ ಬರ್ತೀನಿ.’

‘ಬಂದ್ರೆ ಒಳಗೇ ಬಾ,’ ಎಂದಳು ಆನಿ. ಮೊದಲ ಬಾರಿಗೆ ನನ್ನೆದುರು ಅಮ್ಮನಿಗೆ ಚೀನಿ ಭಾಷೆಯಲ್ಲಿ ಉತ್ತರಿಸಿದ್ದಳು. ಅರ್ಥವನ್ನು ಆಮೇಲೆ ನನಗೆ ಹೇಳಿದಳು.

ಮರುದಿನ ಬೆಳಿಗ್ಗೆ ಅಮ್ಮ ಒಂದೇ ಟಿಕೆಟ್ಟಿನಲ್ಲಿ ಹೊರಟರು. ಮಧ್ಯಾಹ್ನದೊಳಗೆ ಹುಲ್ಲಿನ ಮೇಲೆ ಮಾರಾಟದ ಬೋರ್ಡು ನಿಂತಿತು. ಸಿಯಾಟಲ್‌ನ ಫ್ರೀಮಾಂಟ್ ಕಡೆ ನಮ್ಮಿಬ್ಬರಿಗೆ ಎರಡು ಕೋಣೆಯ ಮನೆ ಗೊತ್ತಾಗಿತ್ತು. ಆನಿ ಕಾಲೇಜು ಉಳಿಸಿಕೊಳ್ಳುತ್ತಾಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಆ ದಿನವೇ ನಮ್ಮ ಮಹಾಲಯ ಅಮಾವಾಸ್ಯೆ. ಅಜ್ಜಿ ಹೋದ ಮೇಲಿನ ಮೊದಲ ಹಿರಿಯರ ಹಬ್ಬ. ನಾನೂ ಇಲ್ಲಿ ಎಡೆ ಇಡುತ್ತೇನೆ ಎಂದು ಫೋನಿನಲ್ಲಿ ಹೇಳಿದಾಗ ಅವ್ವ ಒಪ್ಪಿರಲಿಲ್ಲ. ‘ಅಲ್ಲ ಕನವ್ವ, ಇಲ್ಲೇ ಮಡಗ್ತೀವಲ್ಲ ಎಡೆಯ. ನೀ ಅಲ್ಲೂ ಮಡಗುದ್ರೆ ಮುದ್ಕಿ ಯಾವ ಕಡಿಕೆ ಅಂತ ಬಂದಾಳು?’

ಆದರೂ ಸುಧಕ್ಕ ಕೊಟ್ಟ ಹಿಟ್ಟಿನಲ್ಲಿ ಮುದ್ದೆ ತೊಳಸಿ, ಕೋಳಿಸಾರು ಮಾಡಿ, ಅರ್ಧ ಖಾಲಿಯಾದ ಮನೆಯ ಊಟದ ಮೇಜಿನ ಮೇಲೆ ಬಡಿಸಿದೆ. ವೀಳ್ಯದೆಲೆ ಸಿಗಲಿಲ್ಲ, ಅಡಿಕೆಯಷ್ಟೇ. ಆನಿ ಪಕ್ಕದಲ್ಲಿ ಒಂದು ನೂಡಲ್ಸ್ ಪೊಟ್ಟಣ, ಒಂದು ಲೋಟ ಬೋಬಾ ಟೀ ಇಟ್ಟಳು, ತನ್ನ ಅಜ್ಜನಿಗೆ. ಅವರಿಬ್ಬರೂ ಏನು ಮಾತಾಡಿಕೊಳ್ಳುತ್ತಾರೋ ಎಂದು ನಕ್ಕಳು.

ಎಡೆ ಇಟ್ಟ ಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕಾಯಬೇಕು. ನಾವಿಬ್ಬರೂ ಗ್ಯಾರೇಜಿನ ಮುಂದೆ, ಹಿಂದಿನ ದಿನ ಮೇಜು ಹಾಕಿದ್ದ ಜಾಗದಲ್ಲೇ ನಿಂತೆವು. ಸಂಜೆಯ ಹನಿ ಶುರುವಾಯಿತು. ಒಳಗೆ ದೀಪ ಉರಿಯುತ್ತಿತ್ತು, ಕಿಟಕಿಯಿಂದ ಮೇಜಿನ ತುದಿ ಕಾಣುತ್ತಿತ್ತು. ಈ ಸಲ ಕಾಲು ಓಡಲಿಲ್ಲ. ನೆನೆಯುತ್ತಿದ್ದದ್ದು ನಾವು, ಊಟವಲ್ಲ.

‘ಈಗ ಒಳಗೆ ಹೋಗಬಹುದಾ?’ ಎಂದಳು ಆನಿ.

ಇನ್ನೂ ಸ್ವಲ್ಪ ಹೊತ್ತು, ಅವರ ಊಟವಾಗಲಿ ಎಂದೆ. ತೆರೆಯುವ ಮೊದಲು ಬಾಗಿಲು ತಟ್ಟಬೇಕು, ಬರುತ್ತಿದ್ದೇವೆ ಎಂದು ತಿಳಿಸಲು.

ಹನಿ ಜೋರಾಯಿತು. ಆನಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಮೆಟ್ಟಿಲು ಹತ್ತಿದಳು. ಎಂಟು ವರ್ಷ ತಾನೇ ತೆರೆದು ಮುಚ್ಚಿದ ಬಾಗಿಲನ್ನು ಮೆಲ್ಲಗೆ ತಟ್ಟಿ, ಒಳಗಿನಿಂದ ಯಾರೋ ಬರುವವರಿದ್ದಾರೆ ಎನ್ನುವಂತೆ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.