ಗಂಜಿ ಹಾಕಿದ ಬೂಟು

ತೆಲುಗು ನಾಡಿನ ಅಂಚಿನಲ್ಲಿರುವ ನಾರಾಯಣಪೇಟೆಯಲ್ಲಿ ಬೂಟಿನ ವಿಷಯ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಇಪ್ಪತ್ತೆರಡು ವರ್ಷದಿಂದ ಇಲ್ಲಿನ ಶಾಲೆಯಲ್ಲಿ ಆಟದ ಮಾಸ್ತರನಾಗಿದ್ದೇನೆ. ನೈಕಿ ಯಾವ ದೇಶದ್ದು, ಪೂಮಾ ಯಾವ ಊರಿನದು, ಆಸಿಕ್ಸ್‌ನ ತಳ ಹೇಗಿರುತ್ತದೆ, ನಾವು ನಮ್ಮದೇ ಅಂದುಕೊಂಡ ಬಾಟಾ ಎಲ್ಲಿಂದ ಬಂತು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನನ್ನ ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ಈ ರೋಗಕ್ಕೆ ಮದ್ದು ಅರೆದವರು, ಹುಟ್ಟಿದಾಗಿನಿಂದ ಒಂದು ದಿನವೂ ಬೂಟು ಹಾಕದ ಸುಗುಣಮ್ಮ.

ಸುಗುಣಮ್ಮ ಹುಟ್ಟಿದ್ದು ಗದ್ವಾಲದ ನೇಕಾರರ ಮನೆಯಲ್ಲಿ. ಜೂರಾಲ ಅಣೆಕಟ್ಟು ದಾಟಿ, ಮಕ್ತಲ್ ಮೇಲಿಂದ ಬಸ್ಸಿನಲ್ಲಿ ಈ ಊರಿಗೆ ಸೊಸೆಯಾಗಿ ಬಂದಾಗ ಅವರಿಗೆ ಹದಿನೆಂಟು. ಈಗ ಐವತ್ತಾರು. ಗದ್ವಾಲದ ಸೀರೆಗೆ ಒಡಲು ಹತ್ತಿಯದು, ಅಂಚು ರೇಷ್ಮೆಯದು. ಎರಡರ ಹುಟ್ಟುಗುಣವೇ ಬೇರೆ. ಅವನ್ನು ಸೂಜಿ ಮುಟ್ಟಿಸದೆ, ಮಗ್ಗದ ಮೇಲೆಯೇ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವುದು ಅವರು ತವರಿನಿಂದ ತಂದ ವಿದ್ಯೆ. ಅವರ ಗಂಡ ಶಿವಯ್ಯ ಮಾತ್ರ, "ವಿದ್ಯೆ ಒಂದ ತರಲಿಲ್ರೀ, ಜತಿಗೆ ಹಟಾನೂ ಕಟ್ಕೊಂಡು ಬಂದಾಳ" ಎಂದು ಬಂದವರಿಗೆಲ್ಲ ಹೇಳುತ್ತಾರೆ. ಸುಗುಣಮ್ಮ ಅದನ್ನು ಕೇಳಿಸಿಕೊಂಡು ಲಾಳಿ ಓಡಿಸುತ್ತಲೇ ನಗುತ್ತಾರೆ.

ಅವರದು ಗುಂಡಿಮಗ್ಗ. ನೆಲದಲ್ಲಿ ಗುಂಡಿ, ಗುಂಡಿಯಲ್ಲಿ ಕಾಲು, ಕಾಲಡಿ ತುಳಿಯುವ ಹಲಗೆ. ಹಲಗೆ ಎಷ್ಟು ಇಳಿಯಿತು ಎಂಬುದನ್ನು ಬರಿಗಾಲೇ ಹೇಳಬೇಕು. ಹೀಗಾಗಿ ಚಪ್ಪಲಿ ಅವರ ಮನೆಯ ಹೊಸ್ತಿಲಾಚೆಗೆ ನಿಲ್ಲುವ ವಸ್ತು, ಬೂಟಂತೂ ದೂರದ ಮಾತು. ಆ ಮನೆಯೊಳಗೆ ಬೂಟು ಕಾಲಿಟ್ಟಿದ್ದು ಸೊಸೆ ಹರಿತಾಳ ದೆಸೆಯಿಂದ.

ಹರಿತಾ ಮಕ್ತಲ್ ಕಡೆಯ ಹುಡುಗಿ, ವಯಸ್ಸು ಇಪ್ಪತ್ತನಾಲ್ಕು. ಗಂಡ ಸಾಯಿಪ್ರಸಾದ್ ಪುಣೆಯಲ್ಲಿ ಡ್ರೈವರ್. ಬೀದಿಯಲ್ಲಿ ಹಾಸು, ಅಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆ, ಎಳೆದು ಗಂಜಿ ಹಚ್ಚುವಾಗ, ಬಿಸಿಲಿಗೆ ಗಂಜಿ ಆರುವ ಮುಂಚೆ ಕುಂಚ ಹಿಡಿದು ಈ ತುದಿಯಿಂದ ಆ ತುದಿಗೆ ಓಡಬೇಕು. ಆ ಓಟ ನೋಡಿಯೇ ನಾನು ಅವಳನ್ನು ಹಿಡಿದದ್ದು. "ಪೊಲೀಸ್ ಭರ್ತಿಗೆ ಹಾಕವ್ವ" ಅಂದೆ. ಅತ್ತೆ ಬೇಡ ಅನ್ನಬಹುದು ಎಂದು ಮಾತು ಕಟ್ಟಿಕೊಂಡು ಹೋಗಿದ್ದೆ. ಸುಗುಣಮ್ಮ ನನ್ನ ಮಾತು ಮುಗಿಯುವ ಮುಂಚೆಯೇ, "ಮುಂಜಾನೆ ನೀರು ನಾ ತುಂಬತೀನಿ, ನೀ ಓಡಾಕ ಹೋಗು" ಎಂದು ಸೊಸೆಗೆ ಹೇಳಿಬಿಟ್ಟರು. ನನ್ನ ಭಾಷಣವೆಲ್ಲ ಹಾಗೇ ಉಳಿಯಿತು.

ಮೊದಲ ಸಲ ಭರ್ತಿಯ ಎಂಟುನೂರು ಮೀಟರ್ ಓಟದಲ್ಲಿ ಹರಿತಾ ಮೂರೇ ಮೂರು ಸೆಕೆಂಡು ಗಡುವು ಮೀರಿದಳು. ಹಳೇ ಕ್ಯಾನ್ವಾಸ್ ಬೂಟು, ತಳ ಜಾರಿತ್ತು. ಅಂದು ಅವಳು ಅಳಲಿಲ್ಲ, ಅತ್ತದ್ದು ಸುಗುಣಮ್ಮ. ಮುಂದಿನ ಭರ್ತಿ ಬರುವ ಹೊತ್ತಿಗೆ ಸಾಯಿಪ್ರಸಾದ್ ಪುಣೆಯಿಂದ ದೊಡ್ಡ ಕಂಪನಿಯ ಬಿಳಿ ಬೂಟು ಕಳಿಸಿದ. ಯಾವ ಕಂಪನಿ ಎಂದು ಹೇಳುವುದಿಲ್ಲ. ಮುಂದೆ ಆದದ್ದಕ್ಕೆ ಪಾಪ, ಅವರ ಹೆಸರನ್ನೇಕೆ ಎಳೆದು ತರಲಿ? ಮೇಲ್ಭಾಗವೆಲ್ಲ ಚರ್ಮವಲ್ಲ, ಹೆಣೆದ ಬಟ್ಟೆ. ಹಗುರ ಎಂದರೆ ಹೂವಿನ ಹಗುರ. ನಾಲ್ಕು ತಿಂಗಳು ಆ ಬೂಟಿನಲ್ಲೇ ಓಡಿ ಓಡಿ ಹರಿತಾ ಸೆಕೆಂಡುಗಳನ್ನು ಒಂದೊಂದಾಗಿ ಕಿತ್ತು ತಂದಳು. ಆದರೂ ಒಂದು ದಿನ ಗಡುವಿನ ಒಳಗೆ, ಒಂದು ದಿನ ಹೊರಗೆ. ಈ ಸಲ ತಪ್ಪಿದರೆ ಮತ್ತೆ ಭರ್ತಿ ಯಾವಾಗ ಎಂಬುದು ಸರ್ಕಾರಕ್ಕೂ ಗೊತ್ತಿರಲಿಲ್ಲ.

ಗುರುವಾರ ಮಹಬೂಬ್‌ನಗರದಲ್ಲಿ ಓಟ. ಶನಿವಾರ ಸುಗುಣಮ್ಮ ಸೊಸೆಯ ಬೂಟು ತೊಳೆದರು. ತೊಳೆದು ಸುಮ್ಮನಿದ್ದಿದ್ದರೆ ಈ ಕಥೆಯೇ ಇಲ್ಲ. ನೇಕಾರರ ಮನೆಯಲ್ಲಿ ಬಟ್ಟೆ ಎಂದ ಮೇಲೆ ಗಂಜಿ. ಬೂಟೂ ಬಟ್ಟೆಯೇ ಎಂದು ಕಂಡ ಮೇಲೆ, ಒಳ್ಳೆಯ ದಿನಕ್ಕೆ ಹೊಸದರಂತೆ ನೆಟ್ಟಗೆ ನಿಲ್ಲಲಿ ಎಂದು ಹಾಸಿನ ಎಳೆಗೆಂದು ಕಾಸಿದ ಅಕ್ಕಿ ಗಂಜಿಯಲ್ಲೇ ಎರಡನ್ನೂ ಅದ್ದಿ ತೆಗೆದು, ಮಗ್ಗದ ಪಕ್ಕ ಆರಲು ಇಟ್ಟರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬೆಳಗಾಗುವುದರೊಳಗೆ ಗಂಜಿಯ ರುಚಿಗೆ ಬಂದ ಇಲಿ ಎಡಗಾಲಿನ ಬೂಟಿನಲ್ಲಿ, ಕಿರುಬೆರಳಿನ ಜಾಗದಲ್ಲಿ, ಎರಡು ಬೆರಳು ತೂರುವಷ್ಟು ತೂತು ಮಾಡಿತ್ತು.

ಭಾನುವಾರ ಬೆಳಿಗ್ಗೆ ಹರಿತಾ ಬೂಟು ಹಿಡಿದು ನನ್ನ ಮನೆಗೆ ಬಂದಳು. ಹಿಂದೆ ಸುಗುಣಮ್ಮ, ಸೆರಗು ಬಾಯಿಗೆ ಒತ್ತಿಕೊಂಡು.

"ನಂದ ತಪ್ಪು ಮಾಸ್ತರ್ರೀ. ಚಂದ ಕಾಣಲಿ ಅಂತ ಗಂಜಿ ಹಾಕಿದ್ನಿ" ಅಂದರು.

"ಬೂಟಿಗೆ ಗಂಜಿ ಹಾಕ್ತಾರೇನಕ್ಕ? ಜಗತ್ತಿನಾಗ ಯಾರರೆ ಹಾಕ್ಯಾರೇನು?" ಎಂದು ನಾನು ರೇಗಿದೆ. ರೇಗಿದ್ದು ತಪ್ಪು. ಆದರೆ ಮಾಡುವುದೇನು? ಹೊಸ ಬೂಟು ತರಬಹುದು, ನಾಲ್ಕು ದಿನದಲ್ಲಿ ಅದು ಕಾಲಿಗೆ ಒಗ್ಗುವುದಿಲ್ಲ. ಒಗ್ಗದ ಬೂಟು ಕಚ್ಚುತ್ತದೆ, ಬೊಬ್ಬೆ ಎದ್ದ ಕಾಲಿನಲ್ಲಿ ಓಡುವುದು ಹೇಗೆ?

ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವ ಆಶಪ್ಪನ ಬಳಿಗೆ ಮೂವರೂ ಹೋದೆವು. ಆಶಪ್ಪ ಬೂಟಿನೊಳಗೆ ಕೈ ಹಾಕಿ, ತೂತಿನಿಂದ ಬೆರಳು ಹೊರಗೆ ತೂರಿಸಿ ಆಡಿಸಿದ.

"ತೊಗಲಾಗಿದ್ರ ತ್ಯಾಪಿ ಹಾಕ್ತಿದ್ನಿರೀ ಸಾರ್. ಇದು ಅರಿವಿ. ಇದರ ಮ್ಯಾಲೆ ತೊಗಲು ಹಚ್ಚಿದ್ರ ದಾರ ಒಳಗ ಚುಚ್ಚತೈತಿ" ಅಂದ. ಆಮೇಲೆ ಸುಗುಣಮ್ಮನ ಕಡೆ ನೋಡಿ, "ಅರಿವಿ ಕೆಲಸ ಗೊತ್ತಿದ್ದವರನ್ನ ಬಾಜೂಕ ನಿಲ್ಲಿಸಿಕೊಂಡು ನನ್ನ ಕೇಳ್ತೀರಲ್ರೀ" ಅಂದ.

ಸುಗುಣಮ್ಮ ಬಾಯಿಗೆ ಒತ್ತಿದ್ದ ಸೆರಗು ಕೆಳಗಿಳಿಸಿದರು. ಆಶಪ್ಪನ ಕೈಯಿಂದ ಬೂಟು ತೆಗೆದುಕೊಂಡು ಬೆಳಕಿಗೆ ಹಿಡಿದು, ಬಟ್ಟೆಯನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಎಳೆದು ನೋಡಿದರು. "ಹೆಣಿಕಿ ಸಡ್ಲ ಐತಿ. ರೇಷ್ಮಿ ಹಿಡಿತೈತಿ" ಎಂದು ಮನೆಯ ದಾರಿ ಹಿಡಿದರು. ನಾವು ಹಿಂದೆ.

ಆ ಮಧ್ಯಾಹ್ನ ನಾನು ಕಂಡದ್ದನ್ನು ಮರೆಯಲಾರೆ. ಮೊದಲು ಗಂಜಿ ಹೋಗುವ ತನಕ ಬೂಟು ತೊಳೆದು ಬಿಸಿಲಿಗಿಟ್ಟರು. ಬಟ್ಟೆ ಬಿಗಿಯಾಗಿ ನಿಲ್ಲಲಿ ಎಂದು ಬೂಟಿನೊಳಗೆ ಚಿಕ್ಕ ತಂಬಿಗೆ ತುರುಕಿದರು. ಇಲಿ ಕಡಿದ ತುದಿಗಳನ್ನು ಕತ್ತರಿಸಿ, ಉಳಿದ ಒಂದೊಂದು ಕುಣಿಕೆಗೂ ಕುಂಕುಮ ಬಣ್ಣದ ರೇಷ್ಮೆ ಎಳೆ ಸೇರಿಸಿದರು. ಗಂಟು ಹಾಕಲಿಲ್ಲ. ಹಳೆಯ ಹಾಸಿನ ತುದಿಗೆ ಹೊಸ ಹಾಸು ಜೋಡಿಸುವಾಗ ಮಾಡುವಂತೆ, ಬೆರಳಿಗೆ ಬೂದಿ ಹಚ್ಚಿಕೊಂಡು ಎಳೆಗೆ ಎಳೆ ಹೊಸೆದರು. ಒಳಗೆ ಕೈಯಾಡಿಸಿದರೆ ಕೂಡಿಸಿದ್ದು ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಆಮೇಲೆ ಸೂಜಿಯಿಂದ ಮೇಲೊಂದು ಕೆಳಗೊಂದು, ನೇಯ್ಗೆ.

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಫೋನಿನಲ್ಲಿ ಬೂಟುಗಳ ಚಿತ್ರ ತೋರಿಸುತ್ತ ಕಂಪನಿಗಳ ಪುರಾಣ ಶುರುಮಾಡಿದೆ. ಸುಗುಣಮ್ಮನಿಗೆ ಎಲ್ಲವೂ ಅಂಚುಗಳಾಗಿಯೇ ಕಂಡವು. ಅಡಿಡಾಸ್‌ನ ಮೂರು ಪಟ್ಟಿ ನೋಡಿ, "ಇದು ನಮ್ಮಜ್ಜಿ ನೇಯತಿದ್ಳಲ್ಲ" ಅಂದರು. ಪೂಮಾದ ಜಿಗಿಯುವ ಪ್ರಾಣಿಯನ್ನು ನೋಡಿ, ಇದು ಸೆರಗಿಗೆ ಸರಿ, ಅಂಚಿಗೆ ಬೇಡ ಎಂದು ತೀರ್ಪು ಕೊಟ್ಟರು. ಅವೆರಡೂ ಜರ್ಮನಿಯ ಒಂದೇ ಊರಿನವು, ಅಣ್ಣತಮ್ಮ ಜಗಳವಾಡಿ ಬೇರೆಯಾಗಿ, ಹೊಳೆಯ ಆಚೆಗೊಂದು ಈಚೆಗೊಂದು ಕಾರ್ಖಾನೆ ಹಾಕಿದರು ಎಂದೆ.

"ಅವರವ್ವ ಯಾವ ಕಡೆ ಇದ್ಳು?" ಎಂದು ಕೇಳಿದರು ಸುಗುಣಮ್ಮ.

ಇಪ್ಪತ್ತೆರಡು ವರ್ಷದಲ್ಲಿ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡು ಮುಂದಕ್ಕೆ ಹೋದೆ. ನೈಕಿ ಎಂಬುದು ಗ್ರೀಸ್ ದೇಶದ ಗೆಲುವಿನ ದೇವತೆಯ ಹೆಸರು ಎಂದೆ. ಸುಗುಣಮ್ಮನ ಸೂಜಿ ನಿಂತಿತು.

"ದೇವಿ ಹೆಸರು ಬೂಟಿಗೆ ಇಟ್ಟಾರ? ಕಾಲಾಗ ಹಾಕ್ಕೊಂಡು ತುಳಿತಾರ?"

"ಅವರ ಕಡೆ ತಪ್ಪಲ್ಲಂತಕ್ಕ."

"ಇರಲಿ ಬಿಡ್ರೀ, ಕಾಲಿಗೂ ಒಬ್ಬ ದೇವಿ ಬೇಕಲ್ಲ" ಎಂದು ಮತ್ತೆ ಸೂಜಿ ಎತ್ತಿದರು.

ಸಂಜೆಯ ಹೊತ್ತಿಗೆ ಎಡಗಾಲಿನ ಬೂಟು ಸಿದ್ಧವಾಯಿತು. ಬಿಳಿಯ ಮೇಲೆ ಕುಂಕುಮ ಬಣ್ಣ, ಸುತ್ತ ಸಾಸಿವೆ ಹಳದಿಯ ಒಂದು ಗೆರೆ, ಪುಟ್ಟ ಸೀರೆಯಂಚೇ ಸರಿ. ಹರಿತಾ ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ಕುಣಿದಳು. ನಾನು ನೆಮ್ಮದಿಯಿಂದ ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮರುದಿನ ಶಾಲೆ ಬಿಟ್ಟ ಮೇಲೆ ಹೋಗಿ ನೋಡಿದರೆ, ಸುಗುಣಮ್ಮ ಬಲಗಾಲಿನ ಬೂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅದರಲ್ಲೂ ತೂತು.

"ಮತ್ತ ಇಲಿ ಬಂತೇನಕ್ಕ?" ಎಂದೆ.

"ಇಲ್ರೀ. ನಾನ ಕತ್ತರಿಸೀನಿ."

"ಯಾಕ?"

"ಒಂದ ಕಡೆ ಅಂಚು ಇದ್ದು, ಒಂದ ಕಡೆ ಇಲ್ಲಂದ್ರ ಹೆಂಗ್ರೀ? ಅಂಥಾ ಸೀರಿ ನಾವು ಮಗ್ಗದಿಂದ ಇಳಸಂಗಿಲ್ಲ. ರಾತ್ರಿ ನಿದ್ದಿ ಬರಲಿಲ್ಲ ನನಗ."

ಇಲಿಗೆ ಬುದ್ಧಿ ಇಲ್ಲ, ಮನುಷ್ಯರಿಗಾದರೂ ಬೇಡವೇ? ನಾನು ಕೂಗಾಡಿದೆ. ಓಟಕ್ಕೆ ಮೂರೇ ದಿನ ಉಳಿದಿರುವಾಗ ಚೆನ್ನಾಗಿರುವ ಬೂಟು ಕತ್ತರಿಸುವವರು ಪ್ರಪಂಚದಲ್ಲಿ ನೀವೊಬ್ಬರೇ ಎಂದೆ. ಶಿವಯ್ಯ, "ನಾ ಹೇಳಿಲ್ಲೇನ್ರೀ, ಹಟ" ಎಂದು ಒಗ್ಗರಣೆ ಹಾಕಿದರು. ಹರಿತಾ ಮಾತ್ರ ಅತ್ತೆಯ ಪಕ್ಕ ಕೂತು ರೇಷ್ಮೆ ಬಿಡಿಸಿ ಕೊಡುತ್ತಿದ್ದಳು. "ಬೈಬ್ಯಾಡ್ರೀ ಸಾರ್, ಅತ್ತಿ ನೇಯತಾಳ" ಅಂದಳು. ಅವಳ ದನಿಯಲ್ಲಿ ಒಂದಿಷ್ಟೂ ಅಂಜಿಕೆ ಇರಲಿಲ್ಲ. ನನಗೆ ನಾಚಿಕೆಯಾಯಿತು.

ಆ ರಾತ್ರಿಯೇ ಬಲಗಾಲಿನ ಬೂಟೂ ಮುಗಿಯಿತು. ಮಂಗಳವಾರ ಬೆಳಿಗ್ಗೆ ಮೈದಾನದಲ್ಲಿ ನಾನು ಗಡಿಯಾರ ಹಿಡಿದು ನಿಂತೆ. ಹರಿತಾ ಓಡಿದಳು. ನಾನು ಗಡಿಯಾರ ನೋಡಿದೆ, ಅಲ್ಲಾಡಿಸಿದೆ, ಕೆಟ್ಟಿದೆ ಎಂದುಕೊಂಡು ಮತ್ತೆ ಓಡಿಸಿದೆ. ಎರಡನೇ ಸಲವೂ ಗಡುವಿಗಿಂತ ಐದು ಸೆಕೆಂಡು ಒಳಗೆ. ಕಾರಣ ತಿಳಿದದ್ದು ಅವಳು ಬೂಟು ಬಿಚ್ಚಿದ ಮೇಲೆ. ಅವಳ ಎರಡೂ ಕಿರುಬೆರಳುಗಳ ಮೇಲೆ ಒಣಗಿದ ಆಣಿ. ಸಾಯಿಪ್ರಸಾದ್ ಕಳಿಸಿದ್ದು ಅರ್ಧ ಅಳತೆ ಚಿಕ್ಕದು. ಪಾಪ, ಗಂಡ ಕಳಿಸಿದ್ದು ಎಂದು ನಾಲ್ಕು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಈಗ ಎರಡೂ ಕಡೆ ರೇಷ್ಮೆ ಬೆರಳಿಗೆ ಜಾಗ ಬಿಟ್ಟುಕೊಟ್ಟಿತ್ತು. ಬಲಗಾಲಿನದನ್ನು ಕತ್ತರಿಸದಿದ್ದರೆ ಆ ಕಾಲು ನೋಯುತ್ತಲೇ ಇರುತ್ತಿತ್ತು.

ಇಪ್ಪತ್ತೆರಡು ವರ್ಷ ಬೂಟು ನೋಡಿದ ನಾನು ಬೂಟಿನೊಳಗಿನ ಕಾಲು ನೋಡಿರಲಿಲ್ಲ. ಸುಗುಣಮ್ಮ ನೋಡಿದ್ದರೇ? ನೇರವಾಗಿ ಕೇಳಿದೆ. "ನನಗೇನು ಗೊತ್ರೀ, ಅಂಚು ಸರಿ ಆಗಬೇಕಿತ್ತು, ಅಷ್ಟ" ಎಂದು ನಕ್ಕರು. ನಕ್ಕ ರೀತಿಯ ಮೇಲೆ ನನಗೆ ಈಗಲೂ ಸಂಶಯವಿದೆ.

ಗುರುವಾರ ಸುಗುಣಮ್ಮ ಮಹಬೂಬ್‌ನಗರಕ್ಕೆ ಬರಲಿಲ್ಲ. ನೋಡುವ ಎದೆ ನನಗಿಲ್ಲ, ಮಗ್ಗದ ಮುಂದೆ ಕೂತಿರುತ್ತೇನೆ ಎಂದರು. ನಾನು ಗೇಟಿನ ಹೊರಗೆ ನಿಂತು ನಾಲ್ಕು ಚಹಾ ಕುಡಿದೆ. ಹನ್ನೊಂದಕ್ಕೆ ಹರಿತಾ ಹೊರಗೆ ಬಂದಳು. ನಡೆದು ಬರಲಿಲ್ಲ, ಓಡಿಯೇ ಬಂದಳು. ಗಡುವಿಗಿಂತ ಆರು ಸೆಕೆಂಡು ಮುಂಚೆಯೇ ಮುಗಿಸಿದ್ದಳು. ನಾನು ಆಟದ ಮಾಸ್ತರ ಎಂಬುದನ್ನು ಮರೆತು ರಸ್ತೆಯಲ್ಲೇ ಕುಣಿದೆ. ಲಿಖಿತ ಪರೀಕ್ಷೆ ಇನ್ನೂ ಮುಂದಿತ್ತು, ಆದರೆ ಅದಕ್ಕೆ ಬೂಟು ಬೇಕಿಲ್ಲ. ಓದಿನಲ್ಲಿ ಅವಳು ಮೊದಲಿನಿಂದಲೂ ಗಟ್ಟಿ.

ಬಸ್ಸು ಹತ್ತುವ ಮುಂಚೆ ಅವಳು ಫೋನು ಮಾಡಿ ಮನೆಗೆ ಸುದ್ದಿ ಮುಟ್ಟಿಸಿದಳು. ನಾವು ಹೋದಾಗ ಸುಗುಣಮ್ಮ ಇನ್ನೂ ಗುಂಡಿಯಲ್ಲೇ ಕೂತಿದ್ದರು, ಆದರೆ ಲಾಳಿ ಓಡುತ್ತಿರಲಿಲ್ಲ. ಹರಿತಾ ಹೊಸ್ತಿಲಲ್ಲಿ ಬೂಟು ಬಿಚ್ಚಿ, ಅತ್ತೆಯ ಪಕ್ಕ ನೆಲದ ಮೇಲೆ ಕೂತಳು.

"ಓಟ ಮುಗದ ಮ್ಯಾಲೆ ಒಬ್ರು ಮೇಡಂ ನನ್ನ ಬೂಟ ನೋಡಿದ್ರು ಅತ್ತಿ. ಇದು ಯಾವ ಕಂಪನಿ, ಇಂಥದ್ದು ನಾ ಎಲ್ಲೂ ನೋಡಿಲ್ಲ ಅಂತ ಕೇಳಿದ್ರು."

"ನೀ ಏನಂದಿ?"

"ಅವರು ತೆಲುಗಿನಾಗ ಕೇಳಿದ್ರು, ನಾನೂ ತೆಲುಗಿನಾಗ ಅಂದ್ನಿ. ಮಾ ಅತ್ತಮ್ಮ, ಮೇಡಂ. ನಮ್ಮ ಅತ್ತಿ ಅಂತ."

ಸುಗುಣಮ್ಮ ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತರು. ಶಿವಯ್ಯನೂ ಅತ್ತರು. ನಾನು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಮೇಲೆ ಸುಗುಣಮ್ಮ ಕಣ್ಣೊರೆಸಿಕೊಂಡು ಗುಂಡಿಯಿಂದ ಎದ್ದರು. ಹೊಸ್ತಿಲಾಚೆ ಇದ್ದ ಬೂಟುಗಳನ್ನು ತಾವೇ ಒಳಗೆ ತಂದು, ಎರಡರೊಳಗೂ ಕೈಯಾಡಿಸಿ, ಬಲಗಾಲಿನದರ ಮೇಲೆ ಬೆರಳು ನಿಲ್ಲಿಸಿದರು.

"ಇಲ್ಲಿ ಒಂದ ಎಳಿ ಸಡ್ಲ ಆಗೇತಿ. ಬೂದಿ ತಗೊಂಡು ಬಾ. ಪಾಸಾದಿ ಅಂತ ಓಟ ಬಿಡಬ್ಯಾಡ, ನಾಳೆ ಮತ್ತ ಓಡಾಕ ಹೋಗಬೇಕಲ್ಲ ನೀನು."